ಹಂಚಿಕೊಂಡ ನೆಲದಲ್ಲಿ ಹೊಸಬನ ಜೇನುಪೆಟ್ಟಿಗೆ



ಇವತ್ತಿನ ಚಿಂತನೆಗೆ ಸುತ್ತದ ಪಾಠ ತಂದಿಲ್ಲ. ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ನಡೆದ ಒಂದು ವಾದವನ್ನೇ ತಂದಿದ್ದೇನೆ. ಅವತ್ತು ಬಂದವರಿಗೆ ಗೊತ್ತು. ಬಾರದವರಿಗಾಗಿ ಮೊದಲಿಂದ ಹೇಳುತ್ತೇನೆ.

ವಿಹಾರದ ಹಿಂದಿನ 20 ಗುಂಟೆಯನ್ನು 9 ಮನೆಯವರು ಮಡಿ ಮಾಡಿ ಹಂಚಿಕೊಂಡು ತರಕಾರಿ ಬೆಳೆಯುತ್ತಿದ್ದೇವೆ. ಬೋರ್‌ವೆಲ್ ಒಂದೇ, ನಡೆಯುವ ದಾರಿಯೂ ಒಂದೇ. ನಮ್ಮ ಹುಡುಗನೊಬ್ಬ ಎರಡು ದಿನದ ಜೇನು ಸಾಕಣೆ ತರಬೇತಿ ಮುಗಿಸಿ, ಸಬ್ಸಿಡಿಯಲ್ಲಿ ಎರಡು ಪೆಟ್ಟಿಗೆ ತಂದಿದ್ದಾನೆ. ತುಡುವೆ ಜೇನಿನ ಕುಟುಂಬ ಕೊಂಡು ತಂದು ತನ್ನ ಮಡಿಯ ಮೂಲೆಯಲ್ಲಿ ಇಡುತ್ತೇನೆ ಎಂದ. ಪಕ್ಕದ ಮಡಿ ಒಬ್ಬ ಅಕ್ಕನದು. ಹೋದ ವರ್ಷ ಹೆಜ್ಜೇನು ಕಡಿದು ಅವರ ಮುಖವೆಲ್ಲ ಊದಿ, ಉಸಿರು ಸಿಕ್ಕಿಕೊಂಡು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದೆವು. ಒಂದು ಜಾತಿಯ ಜೇನಿನ ವಿಷಕ್ಕೆ ಹಾಗೆ ಮೈ ಕೆಡುವವರಿಗೆ ಇನ್ನೊಂದು ಜಾತಿಯದೂ ಅಪಾಯ ತರಬಹುದು. ತುಡುವೆ ಸಾಧು ಹುಳು ನಿಜ, ಆದರೆ ಮುಳ್ಳಂತೂ ಇದೆ.

ನನಗೆ ಅದೆಲ್ಲ ಒಮ್ಮೆಲೇ ನೆನಪಾಗಿ ಬಾಯಿಂದ ಮಾತು ಜಾರಿತು: "ಬೇಡಪ್ಪ, ನಿನಗಿನ್ನೂ ಅದರ ಯೋಗ್ಯತೆ ಇಲ್ಲ."

ಹುಡುಗ ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದ: "ಅಣ್ಣ, ನಮ್ಮ ತಾತಂದಿರಿಗೂ ಇದೇ ಮಾತನ್ನಲ್ವಾ ಹೇಳಿದ್ದು?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

'ಯೋಗ್ಯತೆ', 'ಅಧಿಕಾರ' ಎಂಬ ಪದಗಳು ನಮ್ಮ ಜನಕ್ಕೆ ಏನು ಮಾಡಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಓದಲು ಅಧಿಕಾರವಿಲ್ಲ, ಕೆರೆ ಮುಟ್ಟಲು ಯೋಗ್ಯತೆಯಿಲ್ಲ. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಆ ಮಾತಿಗೆ ಕೊಟ್ಟ ಉತ್ತರ. ಅಂಥ ಪರಂಪರೆಯವನು ಒಬ್ಬ ಹುಡುಗನಿಗೆ, ಅದೂ ವಿಹಾರದ ಅಂಗಳದಲ್ಲಿ, ಅದೇ ಪದ ಎಸೆದೆ. ಪದ ತಪ್ಪು. ಅವನಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಆದರೆ ಪದದ ಜೊತೆ ನನ್ನ ಆತಂಕವೂ ತಪ್ಪೇ? ಹಾಗೆ ಅನಿಸುವುದಿಲ್ಲ.

ಮಹಾಡದಲ್ಲಿ ನಾವು ನೀರು ಕುಡಿದರೆ ಯಾರ ಮೈಗೂ ಏನೂ ಆಗುತ್ತಿರಲಿಲ್ಲ. ಮೈಲಿಗೆ ಅವರ ತಲೆಯಲ್ಲಿತ್ತು. ಅಕ್ಕನ ಗಂಟಲು ಊದಿದ್ದು ಯಾರ ಕಲ್ಪನೆಯೂ ಅಲ್ಲ, ಡಾಕ್ಟರು ಇಂಜೆಕ್ಷನ್ ಕೊಟ್ಟು ಇಳಿಸಿದ್ದು. ಇನ್ನೊಂದು ವ್ಯತ್ಯಾಸವೂ ಇದೆ. ಹುಟ್ಟಿನಿಂದ ಹೇರಿದ ಅಯೋಗ್ಯತೆಗೆ ಬಾಗಿಲೇ ಇರಲಿಲ್ಲ, ಎಷ್ಟು ಕಲಿತರೂ ಅದು ಹೋಗುತ್ತಿರಲಿಲ್ಲ. ಜೇನು ಗೊತ್ತಿಲ್ಲ ಎನ್ನುವುದು ಒಂದು ಹಂಗಾಮಿನಲ್ಲಿ ಹೋಗುತ್ತದೆ, ಕಲಿಸುವವರು ಸಿಕ್ಕರೆ. ನಾನು ಅವತ್ತು ಮಾಡಿದ ನಿಜವಾದ ತಪ್ಪು ಇದು: ಬೇಡ ಎಂದೆ, ಎಲ್ಲಿ ಕಲಿಯಬೇಕು ಎಂದು ಹೇಳಲಿಲ್ಲ.

ಹೇಳಬಹುದಾಗಿತ್ತು, ಏಕೆಂದರೆ ಕಲಿಯದೆ ಸಾಕಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹನ್ನೆರಡು ವರ್ಷದ ಹಿಂದೆ ನಾನೂ ಒಂದು ಪೆಟ್ಟಿಗೆ ಇಟ್ಟಿದ್ದೆ. ಮಕ್ಕಳ ಆಟದ ಸಾಮಾನಿನ ಹಾಗೆ ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದೆ. ರಾಣಿ ಇದೆಯಾ, ಮೊಟ್ಟೆ ಇದೆಯಾ ಎಂದು ನೋಡಲು ಬರುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಕಾಲಿನ ಕೆಳಗೆ ನೀರಿನ ಬಟ್ಟಲು ಇಡದೆ ಇರುವೆ ಹತ್ತಿತು. ಬೇಸಿಗೆ ಕೊನೆಯಲ್ಲಿ ತುಪ್ಪ ಸಿಕ್ಕಿತು ಎಂಬ ಖುಷಿಗೆ ಎಲ್ಲ ಎರಿಯನ್ನೂ ಹಿಂಡಿಬಿಟ್ಟೆ. ಮಳೆಗಾಲದಲ್ಲಿ ಹೂವಿಲ್ಲದಾಗ ಅವು ತಿನ್ನುವುದೇ ಆ ತುಪ್ಪವನ್ನು, ಇಲ್ಲದಿದ್ದರೆ ಸಕ್ಕರೆ ಪಾನಕ ಕೊಡಬೇಕು ಎಂದು ಆಮೇಲೆ ತಿಳಿಯಿತು. ಹುಳು ಕಡಿಮೆಯಾದವು, ಎರಿಗೆ ಮೇಣದ ಹುಳು ಬಿತ್ತು, ಒಂದು ಬೆಳಿಗ್ಗೆ ಉಳಿದವೆಲ್ಲ ಪೆಟ್ಟಿಗೆ ಬಿಟ್ಟು ಹೋಗಿದ್ದವು. ತುಡುವೆ ಹಾಗೆಯೇ, ಕಾಟ ಹೆಚ್ಚಾದರೆ ಮನೆ ಬಿಡುತ್ತದೆ. ನಾನು ಜೇನು ಸಾಕುವುದನ್ನು ಕಲಿತೆ ಎಂದು ಜನರಿಗೆ ಹೇಳಿಕೊಂಡೆ. ಆ ಕಲಿಕೆಯ ಫೀಸು ಕಟ್ಟಿದ್ದು ಅವು.

(ಅವತ್ತು ಒಬ್ಬರು, ಪೆಟ್ಟಿಗೆಯಲ್ಲಿ ಸಾಕುವುದೇ ಜೀತ ಎಂದರು. ಜೀತ ಕಂಡವರು ನಮ್ಮಲ್ಲಿ ಇನ್ನೂ ಬದುಕಿದ್ದಾರೆ, ಆ ಪದವನ್ನು ಸುಲಭವಾಗಿ ಬಳಸುವುದು ಬೇಡ. ಜೇನು ಬೇಡವೆನಿಸಿದ ದಿನ ಹಾರಿಹೋಗುತ್ತದೆ. ನನ್ನ ತಾತನಿಗೆ ಹಾಗೆ ಹೋಗಲು ಆಗಲಿಲ್ಲ.)

ಈಗ ನೆಲದ ವಿಷಯಕ್ಕೆ ಬರೋಣ. ನನ್ನ ಪೆಟ್ಟಿಗೆ ನನ್ನ ಮನೆಯ ಹಿತ್ತಲಲ್ಲಿತ್ತು, ಹಾಳಾದದ್ದು ನಾನೂ ಹುಳುಗಳೂ. ಹಂಚಿಕೊಂಡ ನೆಲದಲ್ಲಿ ಲೆಕ್ಕವೇ ಬೇರೆ. ಮಡಿಗೆ ಬದು ಹಾಕಬಹುದು, ಜೇನಿಗೆ ಹಾಕಲಾಗದು. ಅವನ ಹುಳು ಒಂಬತ್ತೂ ಮನೆಯವರ ಹೂವಿಗೆ ಹೋಗುತ್ತದೆ. ಅದರಿಂದ ಸೌತೆ, ಕುಂಬಳ ಚೆನ್ನಾಗಿ ಕಾಯಿ ಕಟ್ಟುತ್ತವೆ, ಅದು ಎಲ್ಲರಿಗೂ ಲಾಭ. ಆದರೆ ಮೂರನೇ ಮಡಿಯವರು ಬೆಳಿಗ್ಗೆ ಅವರೆಗೆ ಔಷಧಿ ಹೊಡೆದರೆ ಹುಳು ಸಾಯುತ್ತವೆ. ಹಾಗಾಗಿ ಅವರು ಹೂವಿನ ಕಾಲದಲ್ಲಿ ಹೊಡೆಯಬಾರದು, ಹೊಡೆಯಲೇಬೇಕಾದರೆ ಹುಳು ಗೂಡು ಸೇರಿದ ಮೇಲೆ ಸಂಜೆ ಹೊಡೆಯಬೇಕು. ಬೋರ್‌ವೆಲ್ ತೊಟ್ಟಿಯ ಹತ್ತಿರ ಹುಳು ನೀರಿಗೆ ಬರುತ್ತವೆ, ಮಕ್ಕಳನ್ನು ಎಚ್ಚರಿಸಬೇಕು. ಅಂದರೆ ಒಬ್ಬ ಪೆಟ್ಟಿಗೆ ಇಟ್ಟರೆ ಎಂಟು ಮನೆಗೆ ಹೊಸ ಕಟ್ಟುಪಾಡು ಬರುತ್ತದೆ. ಕಟ್ಟುಪಾಡು ಹೊರುವವರನ್ನು ಕೇಳದೆ ಹೇರುವುದು ಎಷ್ಟು ಸರಿ?

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಂದು ಮಾತನ್ನು ಬಹಳ ಸ್ಪಷ್ಟವಾಗಿ ವಿವರಿಸುತ್ತಾರೆ. ಒಬ್ಬನೇ ಇದ್ದರೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಒಟ್ಟಿಗೆ ಬದುಕುವಾಗಲೇ ಅದು ಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಅದೇ ಗ್ರಂಥದಲ್ಲಿ ಅಹಿಂಸೆಯನ್ನು ಬುದ್ಧರು ನಿಯಮವಾಗಿ ಅಲ್ಲ, ತತ್ವವಾಗಿ ಹೇಳಿದರು ಎಂದೂ ವಿವರಿಸುತ್ತಾರೆ. 'ಹೊಸಬರು ಜೇನು ಸಾಕಬಾರದು' ಎಂದು ಒಂದು ನಿಯಮ ಬರೆದು ಗೋಡೆಗೆ ಅಂಟಿಸುವುದು ಸುಲಭ. ಅಲ್ಲಿಗೆ ಯೋಚನೆ ಮುಗಿಯುತ್ತದೆ. ತತ್ವ ಹಾಗೆ ಬಿಡುವುದಿಲ್ಲ. ಯಾರಿಗೆ ನೋವಾಗುತ್ತದೆ, ಎಷ್ಟು, ತಪ್ಪಿಸಬಹುದೇ ಎಂದು ಪ್ರತಿ ಸಲ ಕೇಳಿಸುತ್ತದೆ.

ಧಮ್ಮಪದದ ಅಟ್ಠಕಥೆಯಲ್ಲಿ ಒಂದು ಕತೆ ಇದೆ. ಕೋಸಂಬಿಯ ಭಿಕ್ಖುಗಳು ಜಗಳ ನಿಲ್ಲಿಸದಾಗ ಬುದ್ಧರು ಪಾರಿಲೇಯ್ಯಕ ವನಕ್ಕೆ ಹೋಗಿ ಒಬ್ಬರೇ ಇರುತ್ತಾರೆ. ಅಲ್ಲಿ ಒಂದು ಕೋತಿ ಜೇನುಹುಟ್ಟು ತಂದು ಕೊಡುತ್ತದೆ. ಅವರು ಕೈಗೆ ತೆಗೆದುಕೊಳ್ಳುತ್ತಾರೆ, ತಿನ್ನುವುದಿಲ್ಲ. ಯಾಕೆಂದು ಕೋತಿ ತಿರುಗಿಸಿ ನೋಡಿದರೆ ಅದರಲ್ಲಿ ಹುಳುವಿನ ಮೊಟ್ಟೆಗಳು. ಅವನ್ನು ಮೆಲ್ಲನೆ ತೆಗೆದು ಮತ್ತೆ ಕೊಟ್ಟಾಗ ಸ್ವೀಕರಿಸುತ್ತಾರೆ. ಕತೆಯನ್ನು ಕತೆಯಾಗಿಯೇ ತಗೊಳ್ಳೋಣ, ಕೋತಿ ನಿಜವಾಗಿ ಬಂದಿತ್ತೇ ಎಂಬ ಚರ್ಚೆ ನಮಗೆ ಬೇಡ. ನನಗೆ ಹಿಡಿಸುವುದು ಇಷ್ಟು: ಅವರು ಕೋತಿಯನ್ನು ಓಡಿಸಲಿಲ್ಲ, ತಂದದ್ದನ್ನು ಹಾಗೇ ಒಪ್ಪಿಕೊಳ್ಳಲೂ ಇಲ್ಲ. ಅದು ಕಣ್ಣಾರೆ ನೋಡಿ ಸರಿಮಾಡುವ ತನಕ ಕಾದರು. ಸಂಸಾರ ಕೋಣೆ ಕೆಳಗೆ, ಜೇನು ಕೋಣೆ ಮೇಲೆ ಇರುವ ಪೆಟ್ಟಿಗೆಯಲ್ಲಿ ಮರಿ ಇರುವ ಎರಿ ಮುಟ್ಟದೆ ತುಪ್ಪ ತೆಗೆಯಲು ಬರುತ್ತದೆ. ಆದರೆ ಯಾವುದು ಮರಿ, ಯಾವುದು ತುಪ್ಪ ಎಂದು ಗುರುತಿಸಲು ಕೈ ಪಳಗಬೇಕು. ಎರಡು ದಿನದ ತರಬೇತಿಗೆ ಅದು ಬರುವುದಿಲ್ಲ.

ಇನ್ನು ಅಕ್ಕ. ಭಾನುವಾರ ಇಷ್ಟೆಲ್ಲ ವಾದ ನಡೆದರೂ ಅವರು ಒಂದು ಮಾತೂ ಆಡಲಿಲ್ಲ. ಭಿಕ್ಖು ಸಂಘದಲ್ಲಿ ಠರಾವನ್ನು ಮೂರು ಸಲ ಕೇಳಿ, ಮೌನವಿದ್ದರೆ ಒಪ್ಪಿಗೆ ಎಂದು ತಿಳಿಯುವ ಪದ್ಧತಿ ಇತ್ತು. ಸಂಘಗಳು ಪಾರ್ಲಿಮೆಂಟಿನ ಹಾಗೆಯೇ ನಡೆಯುತ್ತಿದ್ದವು ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನೆನಪಿಸಿದ್ದರು. ಆದರೆ ನಮ್ಮ ಹೆಂಗಸರ ಮೌನ ಯಾವಾಗಲೂ ಒಪ್ಪಿಗೆ ಅಲ್ಲ. ಮಂಗಳವಾರ ಅವರ ಮನೆಗೆ ಹೋಗಿ ಕೇಳಿದೆ. "ಹುಡುಗ ಏನೋ ಮಾಡ್ಕೋತಾನೆ, ನಾನು ಅಡ್ಡ ಬಂದೆ ಅನ್ನಿಸ್ಕೊಳ್ಳೋದು ಬೇಡ ಅಂತ ಸುಮ್ನಿದ್ದೆ. ಮಡಿ ಬಿಟ್ಕೊಟ್ರಾಯ್ತು ಅಂದ್ಕೊಂಡಿದ್ದೆ" ಎಂದರು. ಸ್ವಂತಕ್ಕೆ ಅಂಗೈಯಗಲ ನೆಲವಿಲ್ಲದ ಆ ಹೆಣ್ಣುಮಗಳು ಎರಡು ಗುಂಟೆಯನ್ನು ಬಿಟ್ಟುಕೊಡಲು ಮನಸ್ಸು ಮಾಡಿದ್ದರು, ನಮ್ಮ ಯಾರಿಗೂ ಗೊತ್ತೇ ಇರಲಿಲ್ಲ.

ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. ತಾನೇ ಹೋಗಿ ಅಕ್ಕನ ಜೊತೆ ಮಾತಾಡಿ ಬಂದ. ಈಗ ಅವನು ಪಕ್ಕದ ಊರಿನಲ್ಲಿ ಇಪ್ಪತ್ತು ಪೆಟ್ಟಿಗೆ ಇಟ್ಟಿರುವ ಒಬ್ಬ ರೈತರ ಬಳಿ ವಾರಕ್ಕೊಂದು ದಿನ ಹೋಗುತ್ತಾನೆ, ಮುಂದಿನ ಬೇಸಿಗೆಯ ತುಪ್ಪ ತೆಗೆಯುವ ತನಕ. ಪೆಟ್ಟಿಗೆ ಆಮೇಲೆ ಬಂದರೂ ಅಕ್ಕನ ಮಡಿಯ ಹತ್ತಿರ ಅಲ್ಲ, ಆಚೆ ಹೊಂಗೆ ಮರದ ಕಡೆ, ಬಾಗಿಲು ದಾರಿಗೆ ಬೆನ್ನು ಮಾಡಿ. ಆದರೂ ಹುಳು ಹಾರಿ ಬರುತ್ತದೆ, ಅದಕ್ಕೆ ಅಕ್ಕ ಡಾಕ್ಟರನ್ನು ಕೇಳಿ ಬರಬೇಕು. ಡಾಕ್ಟರು ಬೇಡವೆಂದರೆ ನಮ್ಮ ನೆಲದಲ್ಲಿ ಜೇನು ಇಲ್ಲ ಎಂದು ಹುಡುಗನೇ ಹೇಳಿದ್ದಾನೆ.

ಆಸ್ಪತ್ರೆಗೆ ಜೊತೆಗೆ ಹೋಗಲು ಗುರುವಾರ ಯಾರಾದರೂ ಒಬ್ಬರು ಬೇಕು. ಬಿಡುವಿದ್ದವರು ತಿಳಿಸಿ. ಖಾಲಿ ಪೆಟ್ಟಿಗೆಗಳು ವಿಹಾರದ ಜಗಲಿಯಲ್ಲಿವೆ. ಮಕ್ಕಳು ಅದರ ಮೇಲೆ ಕೂರದ ಹಾಗೆ ನೋಡಿಕೊಳ್ಳಿ, ಮುಚ್ಚಳ ತೆಳು.

ಜೈ ಭೀಮ್. ನಮೋ ಬುದ್ಧಾಯ.