ಬೆಟ್ಟದ ಬಿಡಾರ, ಬಾಗಿಲ ನಾಯಿ

ಬೇಸಿಗೆಯ ನಡುವೆ ಹೊಸಪೇಟೆ ಸೀಮೆಯ ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ಇರುಳೆಲ್ಲ ಕಾರುತ್ತವೆ. ತುಂಗಭದ್ರೆಯ ಕಾಲುವೆಗಳು ಹತ್ತಿರದಲ್ಲಿದ್ದರೂ ಚಿತ್ತವಾಡ್ಗಿಯ ಓಣಿಗಳಲ್ಲಿ ನಡುರಾತ್ರಿಯವರೆಗೂ ತಂಪಿನ ಸುಳಿವಿರುವುದಿಲ್ಲ. ಅಂಥ ದಿನಗಳಲ್ಲಿ ಅಲ್ಲಿಯ ಒಂದು ಜೈನ ವರ್ತಕ ಕುಟುಂಬವು ಮಲೆನಾಡಿನ ಬೆಟ್ಟವೊಂದರ ಮೇಲೆ ನಾಲ್ಕು ದಿನ ಇದ್ದು ಬರಲು ನಿಶ್ಚಯಿಸಿತೆಂದು ಭಾವಿಸಬಹುದು. ಬಿಡಾರ ಒಂದೇ ಕೋಣೆಯದು. ವಿದ್ಯುತ್ತಿನ ತಂತಿ ಅಲ್ಲಿಗೆ ಹೋಗಿಲ್ಲ. ಸೂರ್ಯನ ಶಕ್ತಿಯಿಂದ ಉರಿಯುವ ಒಂದು ದೀಪ, ಹಳ್ಳದ ನೀರು, ಸೌದೆಯ ಒಲೆ ಇಷ್ಟೇ ಅನುಕೂಲ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಇಂಥ ಹೋಂಸ್ಟೇಗಳು ಈಗ ಹೊಸತಲ್ಲ. ಸಾಕಿದ ನಾಯಿಯನ್ನೂ ಕರೆತರಬಹುದೆಂದು ಹೇಳುವವರೂ ಅವರಲ್ಲಿದ್ದಾರೆ. ಆ ಮಾತು ಕೇಳಿದೊಡನೆ ಮನೆಯಲ್ಲಿ ಚರ್ಚೆ ಹುಟ್ಟಿತು. ಮಳೆಗಾಲದ ಒಂದು ದಿನ ಅಂಗಡಿಯ ಮೆಟ್ಟಿಲಿಗೆ ತಾನಾಗಿ ಬಂದು ಮಲಗಿ, ಆಮೇಲೆ ಎಲ್ಲಿಗೂ ಹೋಗದೆ ಉಳಿದ ನಾಯಿಯೊಂದು ಆ ಮನೆಯಲ್ಲಿದೆ. ಅದನ್ನು ಒಯ್ಯಬೇಕೆ, ಬಿಟ್ಟು ಹೋಗಬೇಕೆ? ಮಕ್ಕಳಿಗೆ ಅದು ಸಂತೋಷದ ಪ್ರಶ್ನೆ, ಯಜಮಾನನಿಗೆ ತೊಂದರೆಯ ಪ್ರಶ್ನೆ. ಅದನ್ನು ಎಂದೂ ಅಡಿಗೆಮನೆಯ ಹೊಸ್ತಿಲು ದಾಟಗೊಡದ ಅಜ್ಜಿ ಮಾತ್ರ ಕೇಳಿದ್ದು ಬೇರೆ: "ಬಿಟ್ಟು ಹೋದರೆ ಅದಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ಹಾಕುವವರು ಯಾರಪ್ಪ?"

ಇದು ಚಿಕ್ಕ ಸಂಗತಿ. ಆದರೆ ಶ್ರಾವಕನ ವ್ರತಗಳು ಪರೀಕ್ಷೆಗೆ ಒಳಗಾಗುವುದು ಹೆಚ್ಚಾಗಿ ಇಂಥ ಚಿಕ್ಕ ಸಂಗತಿಗಳಲ್ಲಿಯೇ.

ಬೆಟ್ಟದ ವಾಸ ಜೈನರಿಗೆ ಅಪರಿಚಿತವಲ್ಲ. ಹೊಸಪೇಟೆಯಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಕೊಪ್ಪಳದ ಗುಡ್ಡಗಳಲ್ಲಿ ಮುನಿಗಳು ತಂಗಿದ, ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಗುರುತುಗಳಿವೆ. ಅಶೋಕನ ಶಾಸನವಿರುವ ಪಾಲ್ಕಿಗುಂಡಿನ ಮೇಲೆಯೇ ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದದ ಗುರುತುಗಳನ್ನು ಕೆತ್ತಲಾಗಿದೆ. ಇತ್ತ ಸಂಡೂರಿನ ರಾಮನದುರ್ಗದ ಮೇಲೆ 19ನೆಯ ಶತಮಾನದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಆರೋಗ್ಯಧಾಮವನ್ನು ಕಟ್ಟಿದ್ದರು. ಒಂದೇ ಸೀಮೆಯ ಎರಡು ಬೆಟ್ಟಗಳು. ಒಂದನ್ನು ಏರಿದವರು ದೇಹವನ್ನು ಬಿಡಲು, ಇನ್ನೊಂದನ್ನು ಏರಿದವರು ದೇಹವನ್ನು ಉಳಿಸಿಕೊಳ್ಳಲು. ಇಂದಿನ ಗೃಹಸ್ಥನು ಬೆಟ್ಟಕ್ಕೆ ಹೋಗುವುದು ಎರಡನೆಯ ಕಾರಣಕ್ಕೇ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು. ಹಾಗಿದ್ದರೂ ಅವನಿಗೆ ಅಲ್ಲಿ ಒಂದು ಲಾಭವುಂಟು. ವಿದ್ಯುತ್ತಿಲ್ಲದ ಬಿಡಾರದಲ್ಲಿ ರಾತ್ರಿಭೋಜನ ತ್ಯಾಗವು ನಿಯಮವಾಗಿ ಅಲ್ಲ, ಸಹಜವಾಗಿಯೇ ಸಾಗುತ್ತದೆ. ಹಳ್ಳದ ನೀರನ್ನು ಸೋಸಿದ ಬಟ್ಟೆಯನ್ನು ಅದೇ ಹಳ್ಳದಲ್ಲಿ ಜಾಲಾಡಿಸಿ, ಅದರಲ್ಲಿ ಉಳಿದ ಜೀವಿಗಳನ್ನು ಅವುಗಳ ನೀರಿಗೇ ಮರಳಿಸುವ ಹಿರಿಯರ ಕ್ರಮ ನಲ್ಲಿಯ ಕೆಳಗೆ ಅರ್ಥ ಕಳೆದುಕೊಂಡಿತ್ತು. ಇಲ್ಲಿ ಅದು ಮರಳಿ ಅರ್ಥ ಪಡೆಯುತ್ತದೆ.

ನಾಯಿಯ ಪ್ರಶ್ನೆಯನ್ನು ಸಾಮಾನ್ಯವಾಗಿ ಜೀವದಯೆಯ ಅಡಿಯಲ್ಲಿ ಚರ್ಚಿಸುತ್ತಾರೆ. ಅದು ಸರಿಯೇ, ಆದರೆ ಸಾಲದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ಮೊದಲ ಮೂರು ವಾಸಸ್ಥಾನಕ್ಕೆ ಸಂಬಂಧಿಸಿದವು: ಶೂನ್ಯಾಗಾರವಾಸ, ವಿಮೋಚಿತಾವಾಸ, ಪರೋಪರೋಧಾಕರಣ. ಬರಿದಾದ ಗಿರಿಗುಹೆ, ಮರದ ಪೊಟರೆ ಮುಂತಾದೆಡೆ ಇರುವುದು. ಇತರರು ಬಿಟ್ಟುಹೋದ ಮನೆಯಲ್ಲಿ ಇರುವುದು. ಹಾಗೆ ಇರುವಾಗ ಅಲ್ಲಿಗೆ ಬರುವ ಮತ್ತೊಬ್ಬರನ್ನು ತಡೆಯದಿರುವುದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಗಿರಿಗುಹೆಯನ್ನೇ ಮೊದಲ ಉದಾಹರಣೆಯಾಗಿ ಕೊಡುತ್ತದೆ. ತನ್ನದಲ್ಲದ ಜಾಗದಲ್ಲಿ ತಂಗಿದವನು ಇನ್ನೊಬ್ಬನಿಗೆ ಬಾಗಿಲು ಹಾಕಿದರೆ, ಅದು ಕೇವಲ ನಿರ್ದಯೆಯಲ್ಲ, ಕಳವಿನ ಸಮೀಪದ್ದು ಎಂಬ ಈ ದೃಷ್ಟಿ ಬಹಳ ಸೂಕ್ಷ್ಮವಾದದ್ದು. ಈ ಭಾವನೆಗಳು ಮುಖ್ಯವಾಗಿ ಮುನಿಗಳಿಗೆ ಸಂಬಂಧಿಸಿದವು; 'ಪರ' ಎಂಬ ಮಾತಿನಿಂದ ಅಲ್ಲಿ ಮನಸ್ಸಿಗೆ ಬರುವುದೂ ಮನುಷ್ಯನೇ. ಆದರೆ ಬೆಟ್ಟದ ಮೇಲೆ ಆ ಮಾತನ್ನು ಮನುಷ್ಯನಿಗೇ ಮೀಸಲಿಡುವುದು ಕಷ್ಟ. ನಾಲ್ಕು ದಿನಕ್ಕೆ ಹಣ ಕೊಟ್ಟವನಿಗೆ ಬಿಡಾರದ ಗೋಡೆಗಳು ಸಿಗುತ್ತವೆ. ಹಳ್ಳ, ಹಾದಿ, ಪೊದೆಗಳು ಸಿಗುವುದಿಲ್ಲ. ಅವುಗಳಿಗೆ ಮೊದಲಿನಿಂದ ಬೇರೆ ವಾಸಿಗಳಿದ್ದಾರೆ.

ಇಲ್ಲಿ ಪ್ರಶ್ನೆಗೆ ಎರಡು ಮುಖಗಳಾಗುತ್ತವೆ. ನಾಯಿಗೆ ಬಾಗಿಲು ಹಾಕುವುದು ಉಪರೋಧ. ನಾಯಿಯನ್ನು ಕರೆದೊಯ್ದು ಬೆಟ್ಟದಲ್ಲಿ ಬಿಡುವುದೂ ಉಪರೋಧವೇ. ಆದರೆ ಅದು ಮೊಲಕ್ಕೆ, ನವಿಲಿಗೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ.

ನಾಯಿಯನ್ನು ಸಾಕುವುದನ್ನು ಪರಂಪರೆ ಎಲ್ಲೆಲ್ಲೂ ಹೊಗಳಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳ ಪಾಲನೆಯನ್ನು ಆಯುಧಗಳ ಮಾರಾಟದ ಜತೆಯಲ್ಲಿಯೇ ಅನರ್ಥದಂಡಕ್ಕೆ ಸೇರಿಸಿದೆ. ಶ್ವೇತಾಂಬರ ಪರಂಪರೆಯ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವೂ ಒಂದು. ಇನ್ನೊಂದು ಜೀವವನ್ನು ಕೊಲ್ಲಬಲ್ಲ ಪ್ರಾಣಿಯನ್ನು ಲಾಭಕ್ಕಾಗಿಯೋ ವಿನೋದಕ್ಕಾಗಿಯೋ ಬೆಳೆಸುವವನು ಅದರ ಹಲ್ಲಿನ ಕೆಲಸದಲ್ಲಿ ಪಾಲುಗಾರನಾಗುತ್ತಾನೆ ಎಂಬುದು ಈ ನಿಷೇಧದ ತಿರುಳು. ಸಾವಿರಾರು ರೂಪಾಯಿ ಕೊಟ್ಟು ಪರದೇಶದ ತಳಿಯ ನಾಯಿಯನ್ನು ತಂದು, ಅದನ್ನು ಮನೆಯ ಅಂತಸ್ತಿನ ಗುರುತಾಗಿ ತೋರಿಸುವ ಇಂದಿನ ರೂಢಿಗೆ ಈ ಮಾತು ನೇರವಾಗಿ ತಾಗುತ್ತದೆ.

ಆದರೆ ಅದೇ ಪರಂಪರೆ ಜೀವಂಧರನ ಕಥೆಯನ್ನೂ ಕೊಟ್ಟಿದೆ. ವಾದೀಭಸಿಂಹರು ಸಂಸ್ಕೃತದಲ್ಲಿ ಗದ್ಯಚಿಂತಾಮಣಿ, ಕ್ಷತ್ರಚೂಡಾಮಣಿಗಳಲ್ಲಿ ಹೇಳಿದ ಈ ಕಥೆಯನ್ನು ಭಾಸ್ಕರಕವಿ 1424ರಲ್ಲಿ ಪೆನುಗೊಂಡೆಯಲ್ಲಿ ಕನ್ನಡ ಷಟ್ಪದಿಗೆ ತಂದನು. ವಸಂತಕಾಲದ ವಿಹಾರಕ್ಕೆ ಹೊರಟ ರಾಜಕುಮಾರನು ಒಂದು ನಾಯಿಯನ್ನು ಜನ ಹೊಡೆದು ಕೆಡಹಿದ್ದನ್ನು ಕಾಣುತ್ತಾನೆ. ಅದರ ತಪ್ಪು ಇಷ್ಟೇ: ಯಜ್ಞಕ್ಕಿಟ್ಟ ಅನ್ನವನ್ನು ಮುಟ್ಟಿತ್ತು. ಉಳಿಸಲು ಸಾಧ್ಯವಾಗದೆ ಹೋದಾಗ ಅವನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ. ಮುಂದೆ ಕಾಷ್ಠಾಂಗಾರನು ಜೀವಂಧರನನ್ನು ಕೊಲ್ಲಿಸಲು ಹೊರಟಾಗ ಆ ಯಕ್ಷನು ಬಂದು ಅವನನ್ನೆತ್ತಿಕೊಂಡು ತನ್ನ ವಾಸವಾದ ಚಂದ್ರೋದಯ ಪರ್ವತಕ್ಕೆ ಒಯ್ಯುತ್ತಾನೆ. ಬೆಟ್ಟದ ಮನೆಯಲ್ಲಿ ನಾಯಿಗೆ ಎಡೆಯುಂಟೆ ಎಂದು ಕೇಳುವವರು ಈ ಸಂಗತಿಯನ್ನು ಗಮನಿಸಬೇಕು. ಇಲ್ಲಿ ಬೆಟ್ಟದ ಮನೆಯೇ ನಾಯಿಯದು, ಅತಿಥಿ ಮನುಷ್ಯ.

ಮಹಾಭಾರತದಲ್ಲಿಯೂ ಬೆಟ್ಟವನ್ನೇರಿ ಹೋಗುವ ಧರ್ಮರಾಯನ ಹಿಂದೆ ಒಂದು ನಾಯಿ ನಡೆಯುತ್ತದೆ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಅವನು ನಿಲ್ಲುತ್ತಾನೆ. ಉದಾತ್ತವಾದ ಪ್ರಸಂಗ. ಆದರೆ ಅಲ್ಲಿ ನಾಯಿಯ ರೂಪದಲ್ಲಿ ಬಂದವನು ಯಮಧರ್ಮ. ಜೀವಂಧರನ ಕಥೆಯ ನಾಯಿ ಮಾತ್ರ ನಾಯಿಯೇ. ಹಸಿದದ್ದು, ಬಾಯಿ ಹಾಕಿದ್ದು, ಏಟು ತಿಂದದ್ದು. ದೇವತ್ವ ಅದಕ್ಕೆ ವೇಷದ ಒಳಗಿರಲಿಲ್ಲ, ಮುಂದಿನ ಹೆಜ್ಜೆಯಾಗಿತ್ತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮದ ಫಲವನ್ನು ತೋರಿಸಲು ನಾಯಿಯನ್ನೂ ದೇವನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಇದು ಅದಾಗಬಹುದು, ಅದು ಇದಾಗಬಹುದು ಎಂದಿರುವುದು ಇದೇ ಅರ್ಥದಲ್ಲಿ.

ಹಾಗಾದರೆ ನಿಷೇಧಕ್ಕೂ ಈ ಕಥೆಗೂ ವಿರೋಧವೆ? ಇಲ್ಲ. ಜೀವಂಧರನು ನಾಯಿಯನ್ನು ಸಾಕಿರಲಿಲ್ಲ. ದಾರಿಯಲ್ಲಿ ಎದುರಾದ ಜೀವಕ್ಕೆ ಮಾಡಬಹುದಾದದ್ದನ್ನು ಮಾಡಿದನು. ಬಯಸಿ ತರುವುದು ಬೇರೆ, ಬಂದದ್ದನ್ನು ತಳ್ಳದಿರುವುದು ಬೇರೆ. ಅಂಗಡಿಯ ಮೆಟ್ಟಿಲಿಗೆ ತಾನಾಗಿ ಬಂದ ನಾಯಿ ಎರಡನೆಯ ಬಗೆಯದು. ಅದಕ್ಕೆ ಒಮ್ಮೆ ಅನ್ನವಿಕ್ಕಿ, ಬೇರೆ ಕಡೆ ಹುಡುಕುವ ಅದರ ಅಭ್ಯಾಸವನ್ನು ತಪ್ಪಿಸಿದ ಮೇಲೆ, ನಾಲ್ಕು ದಿನ ಬಾಗಿಲಿಗೆ ಬೀಗ ಹಾಕಿ ಹೊರಟುಹೋದರೆ ಅದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದಾದ ಅನ್ನಪಾನನಿರೋಧವಾಗುತ್ತದೆ. ಅಜ್ಜಿಯ ಪ್ರಶ್ನೆ ಶಾಸ್ತ್ರದ ಪ್ರಶ್ನೆಯೇ.

ಇನ್ನು ಬೆಟ್ಟದ ವಾಸಿಗಳ ಮಾತು. ಹೊಸಪೇಟೆಯವರಿಗೆ ದರೋಜಿ ಕರಡಿಧಾಮ ಗೊತ್ತು. 1994ರಲ್ಲಿ ಆ ಕುರುಚಲು ಗುಡ್ಡಗಳನ್ನು ಕರಡಿಗಳಿಗಾಗಿ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸರ್ಕಾರಿ ಕಾಗದಗಳಲ್ಲಿ ಬರುವ 'ಅಭಯಾರಣ್ಯ' ಎಂಬ ಶಬ್ದವನ್ನು ಜೈನರು ನಿಧಾನಿಸಿ ಓದಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಕೊನೆಯದನ್ನು ಒಂದು ಕಾಡಿಗೆ ಕಾಡನ್ನೇ ಸೇರಿಸಿ ಕೊಟ್ಟ ಶಬ್ದ ಅದು. ಆ ಅಭಯವನ್ನು ಮುರಿಯಲು ಬಂದೂಕೇ ಬೇಕಾಗಿಲ್ಲ. ನಾಯಿಯ ಬೊಗಳು, ಮೂತ್ರದ ವಾಸನೆಗಳೇ ಸಣ್ಣ ಪ್ರಾಣಿಗಳನ್ನು ನೀರಿನ ದಾರಿಯಿಂದ ದೂರವಿಡುತ್ತವೆ. ರೋಗದ ಭಯ ಇನ್ನೂ ದೊಡ್ಡದು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಎಂಬ ನಾಯಿಗಳ ಕಾಯಿಲೆ ಹರಡಿ ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಿಯಿತು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ರೋಗಾಣು ಪತ್ತೆಯಾಯಿತು. ಲಸಿಕೆ ಹಾಕಿಸದ ನಾಯಿಯನ್ನು ಬೆಟ್ಟಕ್ಕೆ ಒಯ್ಯುವವನು ತಾನು ಯಾರಿಗೂ ಕೇಡು ಬಯಸಲಿಲ್ಲವೆಂದು ಹೇಳಬಹುದು. ಆದರೆ ಪ್ರಮಾದವನ್ನು ಬಿಟ್ಟು ಹಿಂಸೆಯ ಲಕ್ಷಣವನ್ನು ಜೈನಶಾಸ್ತ್ರ ಹೇಳಿಲ್ಲ.

ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಕೊನೆಯದು ತಿರ್ಯಂಚರದು. ಹುಟ್ಟುಹಗೆಗಳಾದ ಪ್ರಾಣಿಗಳೂ ಅಲ್ಲಿ ಒಟ್ಟಿಗೆ ಕುಳಿತು ಧರ್ಮವನ್ನು ಕೇಳುತ್ತವೆ. ಬಸದಿಯ ಗೋಡೆಯ ಮೇಲಿನ ಆ ಚಿತ್ರವನ್ನು ನೋಡಿ ಬೆಳೆದವರಿಗೆ ಎಲ್ಲ ಜೀವಿಗಳಿಗೂ ಬಾಗಿಲು ತೆರೆದಿಟ್ಟ ಬಿಡಾರ ಪ್ರಿಯವಾಗುವುದು ಸಹಜ. ಆದರೆ ಅಲ್ಲಿಯ ವೈರಶಾಂತಿ ತೀರ್ಥಂಕರರ ಸಾನ್ನಿಧ್ಯದ ಫಲ. ಹೋಂಸ್ಟೇಯ ಒಡೆಯನು ನಾಯಿಯನ್ನು ಆಮಂತ್ರಿಸಬಲ್ಲನೇ ಹೊರತು ನಾಯಿಯನ್ನೂ ಮೊಲವನ್ನೂ ಒಂದೆಡೆ ಕೂರಿಸಲಾರನು. ಸಾನ್ನಿಧ್ಯದಿಂದ ಆಗುತ್ತಿದ್ದದ್ದನ್ನು ಇಲ್ಲಿ ಅತಿಥಿಯು ತನ್ನ ಸಂಯಮದಿಂದ, ಅಂದರೆ ಕೈಯಲ್ಲಿರುವ ಹಗ್ಗದಿಂದ, ಸಾಧಿಸಬೇಕಾಗುತ್ತದೆ.

ಹಗ್ಗವೆಂದ ಕೂಡಲೇ ಬಂಧನದ ಅತಿಚಾರ ನೆನಪಿಗೆ ಬರುತ್ತದೆ. ಇದನ್ನು ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಬಿಡಿಸಿದ್ದಾರೆ. ದನಕರುಗಳಿಂದ ಜೀವನೋಪಾಯವನ್ನೇ ಬಿಡುವುದು ಉತ್ತಮ. ಇಟ್ಟುಕೊಂಡರೆ ಕಟ್ಟದೆ ಇರುವುದು ಮುಂದಿನದು. ಕಟ್ಟಲೇಬೇಕಾದರೆ ನಿರ್ದಯವಾಗಿ ಕಟ್ಟಬಾರದು. ಮೂರನೆಯ ಮೆಟ್ಟಿಲಿನಲ್ಲಿ ನಿಂತವನನ್ನೂ ಅವರು ಹೊರಗೆ ಹಾಕುವುದಿಲ್ಲ. ಬೆಟ್ಟದಲ್ಲಿ ಈ ಭೇದ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗುತ್ತದೆ. ಕಂಬಕ್ಕೆ ಕಟ್ಟಿ ಜಲಪಾತ ನೋಡಲು ಹೊರಟರೆ ಹಗ್ಗ ನಾಯಿಗೆ ಮಾತ್ರ. ಕೈಯಲ್ಲಿ ಹಿಡಿದು ನಡೆದರೆ ಹಗ್ಗದ ಎರಡು ತುದಿಯಲ್ಲಿಯೂ ಕಟ್ಟಿಗೆ ಒಳಗಾದವರಿರುತ್ತಾರೆ. ನಾಯಿ ನಿಂತರೆ ಮನುಷ್ಯನೂ ನಿಲ್ಲಬೇಕು. ಪಾದದ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿಯ ಅಭ್ಯಾಸಕ್ಕೆ ಇದಕ್ಕಿಂತ ತಾಳ್ಮೆ ಕಲಿಸುವ ಜತೆಗಾರ ಸಿಗಲಾರನು!

ಆಹಾರದ ಮಾತೂ ಒಂದಿದೆ. ಅತಿಥಿಗಳ ನಾಯಿಗೆ ಮಾಂಸದ ಊಟ ಹಾಕಿಸುವುದನ್ನು ಉಪಚಾರವೆಂದೇ ತಿಳಿಯುವವರುಂಟು. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಬಲ್ಲ ಮನೆಯವರು ಮೊದಲೇ ಬೇಡವೆಂದು ಹೇಳಿ, ಮನೆಯಲ್ಲಿ ಅದು ತಿನ್ನುವ ರೊಟ್ಟಿ, ಅನ್ನ, ಹಾಲನ್ನೇ ಒದಗಿಸಿಕೊಳ್ಳಬೇಕು. ಹೇಳಲು ಸಂಕೋಚಪಟ್ಟರೆ ಮೌನವೇ ಅನುಮೋದನೆಯಾಗುತ್ತದೆ.

ಕ್ಷೇತ್ರಗಳ ಆಡಳಿತ ಸಮಿತಿಗಳಿಗೂ ಈ ವಿಚಾರ ಹೊರತಲ್ಲ. ಬೆಟ್ಟದ ಮೇಲಿನ ಬಸದಿಗೆ ಯಾತ್ರಿಕರ ಹಿಂದೆ ಮೆಟ್ಟಿಲೇರುವ ನಾಯಿಗಳನ್ನು ಕೋಲಿನಿಂದ ಅಟ್ಟುವುದು ಅನೇಕ ಕಡೆ ಕಾವಲಿನವರ ನಿತ್ಯದ ಕೆಲಸವಾಗಿದೆ. ಗರ್ಭಗೃಹದ ಶುದ್ಧಿ ಬೇರೆ ಮಾತು, ಅದಕ್ಕೆ ಬಾಗಿಲಿದೆ. ಬೆಟ್ಟದ ಬುಡದಲ್ಲಿ ಒಂದು ನೆರಳು, ಒಂದು ಕಲ್ಲಿನ ಬಾನಿಯಲ್ಲಿ ಸೋಸಿದ ನೀರು, ವರ್ಷಕ್ಕೊಮ್ಮೆ ಪಶುವೈದ್ಯರಿಂದ ಲಸಿಕೆ, ಇವಕ್ಕೆ ತಗಲುವ ವೆಚ್ಚ ಒಂದು ಸ್ವಾಗತ ಕಮಾನಿನ ವೆಚ್ಚಕ್ಕಿಂತ ಬಹಳ ಕಡಿಮೆ. ಕೊಟ್ಟವರ ಹೆಸರು ಕೆತ್ತಿಸಲು ಬಾನಿಯಲ್ಲಿ ಜಾಗ ಕಡಿಮೆ ಎಂಬುದೊಂದೇ ಅಡ್ಡಿ.

ಚಿತ್ತವಾಡ್ಗಿಯ ಮನೆಯಲ್ಲಿ ಮಾತು ಎಲ್ಲಿಗೆ ಬಂತು? ಯಜಮಾನನು ಬಿಡಾರದ ಒಡೆಯನನ್ನು ದೂರವಾಣಿಯಲ್ಲಿ ವಿಚಾರಿಸಿದನು. ಬಿಡಾರದ ಹಿಂದೆ ಕಾಡಿದೆಯೆ? ಇದೆ. ಚಿರತೆಯ ಓಡಾಟವುಂಟೆ? ಆಗಾಗ ಉಂಟು. ನಾಯಿ ರಾತ್ರಿ ಎಲ್ಲಿ ಮಲಗಬೇಕು? ಜಗಲಿಯಲ್ಲಿ ಗೂಟವಿದೆ. ಈ ಕೊನೆಯ ಉತ್ತರ ಕೇಳಿ ಮಕ್ಕಳ ಉತ್ಸಾಹವೂ ಇಳಿಯಿತು. ಚಿರತೆಗೆ ನಾಯಿ ಸುಲಭದ ಬೇಟೆ. ಕಟ್ಟಿದ ನಾಯಿಯಂತೂ ಇನ್ನೂ ಸುಲಭ. ಒಳಗೆ ಮಲಗಿಸಲು ಒಪ್ಪಿಗೆಯೇ ಎಂದು ಕೇಳಿದಾಗ, ಅತಿಥಿಗಳಿಗೆ ಅಡ್ಡಿಯಿಲ್ಲದಿದ್ದರೆ ತನಗೂ ಇಲ್ಲವೆಂದನು. ಈಗ ಅಡ್ಡಿ ಉಳಿದದ್ದು ಮನೆಯೊಳಗೇ. ಬಿಡಾರಕ್ಕೆ ಇರುವುದು ಒಂದೇ ಕೋಣೆ, ಒಲೆಯೂ ಅಲ್ಲಿಯೇ. ಇಷ್ಟು ವರ್ಷ ಅಡಿಗೆಯ ಶುದ್ಧಿಯನ್ನು ಕಾಪಾಡಿಕೊಂಡು ಬಂದ ಅಜ್ಜಿಯ ಮುಖವನ್ನು ಎಲ್ಲರೂ ನೋಡಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಗೆ ಮೂರು ಕಲ್ಲು ಸಿಗುತ್ತವೆಯೇ ಎಂದು ವಿಚಾರಿಸಲು ಹೇಳಿದಳು. ಹೇಗಿದ್ದರೂ ಹೊತ್ತು ಮುಳುಗುವ ಮೊದಲೇ ಊಟವಾಗಬೇಕು. ಒಲೆಯನ್ನು ಅಂಗಳದಲ್ಲಿ ಹೂಡಿದರಾಯಿತು, ಅದು ಒಳಗೆ ಮಲಗಲಿ ಎಂದಳು.