ಹುಟ್ಟಿನ ಬಲವೂ ಬಾಳಿನ ಹೊಣೆಯೂ

ಮನುಷ್ಯನಿಗೆ ಬಲವು ಎರಡು ದಾರಿಗಳಿಂದ ಬರುತ್ತದೆ. ಒಂದು ಹುಟ್ಟಿನೊಡನೆ ಬಂದದ್ದು; ಇನ್ನೊಂದು ಹುಟ್ಟಿದ ಮೇಲೆ ಕೂಡಿಕೊಂಡದ್ದು. ಒಬ್ಬನ ಕಂಠ ಹುಟ್ಟುತ್ತಲೇ ಇಂಪಾಗಿರುತ್ತದೆ. ಮತ್ತೊಬ್ಬನು ಇಪ್ಪತ್ತು ವರ್ಷ ಸಾಧನೆ ಮಾಡಿ ಆ ಇಂಪನ್ನು ಸಂಪಾದಿಸುತ್ತಾನೆ. ಕೇಳುವವರ ಕಿವಿಗೆ ಎರಡೂ ಇಂಪೇ. ಆದರೂ ಲೋಕವು ಎರಡನೆಯವನ ಕಥೆಯನ್ನು ಆದರದಿಂದ ಹೇಳುತ್ತದೆ. ಮೊದಲನೆಯವನ ವಿಷಯದಲ್ಲಿ ‘ಅದು ಅವನಿಗೆ ಹುಟ್ಟಿನಿಂದಲೇ ಬಂದದ್ದು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಹೀಗೆ ಮುಗಿಸುವುದು ನ್ಯಾಯವೇ? ಹುಟ್ಟಿನಿಂದ ಬಂದ ಬಲದಲ್ಲಿ ಹೇಳತಕ್ಕ ಕಥೆಯೇ ಇಲ್ಲವೇ? ಈ ಪ್ರಶ್ನೆಯನ್ನು ಅಮೆರಿಕದ ಅತಿಮಾನವರ ಚಿತ್ರಕಥೆಗಳನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಮಕ್ಕಳು ಓದುವ ಚಿತ್ರಪುಸ್ತಕಗಳಲ್ಲಿ ನೀತಿವಿಚಾರಕ್ಕೇನು ಕೆಲಸವೆಂದು ವಾಚಕರು ಉಪೇಕ್ಷಿಸಬಾರದು. ಒಂದು ಸಮಾಜವು ಬಲವನ್ನು ಕುರಿತು ಏನು ಭಾವಿಸುತ್ತದೆಂಬುದು ಅದರ ಪ್ರೌಢ ಗ್ರಂಥಗಳಿಗಿಂತ ಕೆಲವೊಮ್ಮೆ ಅದು ಮಕ್ಕಳಿಗೆ ಹೇಳುವ ಕಥೆಗಳಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಈ ಚಿತ್ರಕಥೆಗಳಲ್ಲಿ ಪ್ರತಿಯೊಬ್ಬ ಅತಿಮಾನವನಿಗೂ ಒಂದು ಮೂಲಕಥೆ ಇರಲೇಬೇಕು. ಅವನಿಗೆ ಆ ಬಲ ಎಲ್ಲಿಂದ ಬಂತು, ಹೇಗೆ ಬಂತು ಎಂಬುದನ್ನು ಹೇಳುವ ಕಥೆಯೇ ಅದು. ೧೯೬೧ರಲ್ಲಿ ಬಂದ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರಿಗೆ ಅಂತರಿಕ್ಷದ ಕಿರಣಗಳು ತಗುಲಿ ಬಲ ಬಂದಿತು. ೧೯೬೨ರಲ್ಲಿ ಬಂದ ‘ಹಲ್ಕ್’ ಎಂಬಾತನಿಗೆ ಗಾಮಾ ಕಿರಣಗಳಿಂದ ಬಂದಿತು. ಅದೇ ವರ್ಷದ ‘ಸ್ಪೈಡರ್‌ಮ್ಯಾನ್’ ಎಂಬ ಹುಡುಗನಿಗೆ ವಿಕಿರಣ ಹೊಕ್ಕ ಜೇಡವೊಂದು ಕಚ್ಚಿ ಬಂದಿತು.

ಇಷ್ಟನ್ನೆಲ್ಲ ಕಲ್ಪಿಸಿದ ಮೇಲೆ ಲೇಖಕ ಸ್ಟಾನ್ ಲೀ ಅವರಿಗೆ ಹೊಸ ಕಾರಣಗಳನ್ನು ಹುಡುಕುವುದೇ ಬೇಸರವಾಯಿತಂತೆ. ಆಗ ಅವರು, ಚಿತ್ರಕಾರ ಜ್ಯಾಕ್ ಕರ್ಬಿ ಅವರೊಡಗೂಡಿ, ೧೯೬೩ರ ಸೆಪ್ಟೆಂಬರ್ ಸಂಚಿಕೆಯಿಂದ ‘ಎಕ್ಸ್-ಮೆನ್’ ಎಂಬ ತಂಡವನ್ನು ಆರಂಭಿಸಿದರು. ಈ ತಂಡದವರಿಗೆ ಜೇಡವೂ ಕಚ್ಚಿಲ್ಲ, ಕಿರಣವೂ ತಗುಲಿಲ್ಲ. ಅವರು ಮ್ಯೂಟಂಟರು, ಎಂದರೆ ಹುಟ್ಟಿನಲ್ಲಿಯೇ ಭಿನ್ನರು. ಹುಟ್ಟಿನಿಂದಲೇ ಅವರೊಳಗೆ ಅಡಗಿದ್ದ ಶಕ್ತಿ ಹರೆಯದಲ್ಲಿ ಪ್ರಕಟವಾಗುತ್ತದೆ. ಇದು ತಾವು ಹಿಡಿದ ಸುಲಭದ ದಾರಿಯೆಂದು ಲೀ ಅವರೇ ಮುಂದೆ ಹಲವು ಸಂದರ್ಶನಗಳಲ್ಲಿ ನಗುನಗುತ್ತ ಹೇಳಿಕೊಂಡರು. ಕರ್ತೃವೇ ಹೀಗೆಂದ ಮೇಲೆ ವಿಮರ್ಶಕರು ಬಿಡುವರೇ? ಹುಟ್ಟಿನಿಂದ ಬಂದ ಬಲವೆಂದರೆ ಕಥೆಗಾರನ ಸೋಮಾರಿತನವೆಂಬ ಆಕ್ಷೇಪ ಅಂದಿನಿಂದ ನಡೆದುಬಂದಿದೆ.

ಈ ಆಕ್ಷೇಪಕ್ಕೆ ಎರಡು ಮುಖಗಳಿವೆ. ಮೊದಲನೆಯದು ಕಲೆಗೆ ಸಂಬಂಧಿಸಿದ್ದು. ‘ಬೆಂಕಿ ಏಕೆ ಸುಡುತ್ತದೆ?’ ಎಂದು ಕೇಳಿದರೆ ‘ಅದಕ್ಕೆ ಸುಡುವ ಗುಣವಿದೆ’ ಎಂದು ಉತ್ತರಿಸಿದಂತೆ, ‘ಇವನಿಗೇಕೆ ಬಲವಿದೆ?’ ಎಂಬುದಕ್ಕೆ ‘ಹುಟ್ಟಿನಿಂದ ಇದೆ’ ಎಂಬ ಉತ್ತರವು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತಾಗುತ್ತದೆ. ಎರಡನೆಯದು ನೀತಿಗೆ ಸಂಬಂಧಿಸಿದ್ದು, ಹೆಚ್ಚು ಗಂಭೀರವಾದದ್ದು. ಬಲವು ಹುಟ್ಟಿನಿಂದ ಬರುತ್ತದೆಂದು ಮಕ್ಕಳಿಗೆ ಕಲಿಸಿದರೆ, ಯೋಗ್ಯತೆಯೂ ಹುಟ್ಟಿನಿಂದಲೇ ಬರುತ್ತದೆಂದು ಅವರು ತಿಳಿಯುವ ಅಪಾಯವಿದೆ. ಕೆಲವರ ರಕ್ತ ಶ್ರೇಷ್ಠ, ಉಳಿದವರದು ಕನಿಷ್ಠ ಎಂಬ ಭಾವನೆಯಿಂದ ಇಪ್ಪತ್ತನೆಯ ಶತಮಾನದಲ್ಲಿ ಎಷ್ಟು ಕೋಟಿ ಜೀವಗಳು ಬಲಿಯಾದವೆಂಬುದನ್ನು ಬಲ್ಲವರು ಈ ಮಾತನ್ನು ಹಗುರವಾಗಿ ಕಾಣಲಾರರು.

ಆಕ್ಷೇಪವು ಬಲವಾದದ್ದೇ. ಆದರೆ ಅದು ಗುರಿ ತಪ್ಪಿದೆ ಎಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಕ್ರಮವಾಗಿ ನೋಡೋಣ.

ಹುಟ್ಟಿನ ಬಲ ಗಳಿಸಿದ್ದಲ್ಲ ಎಂಬುದು ನಿಜ. ಹಾಗಾದರೆ ಜೇಡ ಕಚ್ಚಿ ಬಂದ ಬಲ ಗಳಿಸಿದ್ದೇ? ಆ ಜೇಡ ಪಕ್ಕದಲ್ಲಿ ನಿಂತವನನ್ನು ಕಚ್ಚಿದ್ದರೆ ಬಲ ಅವನ ಪಾಲಾಗುತ್ತಿತ್ತು. ಸಿಡಿಲು, ಕಿರಣ, ಕೀಟ ಇವುಗಳಿಂದ ಬಂದದ್ದು ಅದೃಷ್ಟದ ಕೊಡುಗೆಯೇ ಹೊರತು ಪೌರುಷದ ಫಲವಲ್ಲ. ಹುಟ್ಟಿದ ಗಳಿಗೆಯಲ್ಲಿ ಬಂದ ಅದೃಷ್ಟಕ್ಕೂ ಹದಿನೈದನೆಯ ವಯಸ್ಸಿನಲ್ಲಿ ಬಂದ ಅದೃಷ್ಟಕ್ಕೂ ಕಾಲದ ಅಂತರವಿದೆಯಷ್ಟೇ, ಅರ್ಹತೆಯ ಅಂತರವಿಲ್ಲ. ‘ಬ್ಯಾಟ್‌ಮ್ಯಾನ್’ ಇದಕ್ಕೆ ಅಪವಾದವೆಂದು ಕೆಲವರು ಹೇಳಬಹುದು. ೧೯೩೯ರಲ್ಲಿ ಕಾಣಿಸಿಕೊಂಡ ಈತನಿಗೆ ಯಾವ ಅಲೌಕಿಕ ಶಕ್ತಿಯೂ ಇಲ್ಲ. ತಂದೆತಾಯಿಗಳ ಕೊಲೆಯನ್ನು ಕಣ್ಣಾರೆ ಕಂಡು, ಕಠಿಣ ಅಭ್ಯಾಸದಿಂದ ದೇಹವನ್ನೂ ಬುದ್ಧಿಯನ್ನೂ ಹದಗೊಳಿಸಿಕೊಂಡವನು. ಆದರೆ ಆ ಅಭ್ಯಾಸಕ್ಕೆ ಬೇಕಾದ ಬಿಡುವು, ಸಾಧನ, ಧನ ಇವೆಲ್ಲ ಅವನಿಗೆ ಬಂದದ್ದು ಪಿತ್ರಾರ್ಜಿತ ಸಂಪತ್ತಿನಿಂದ. ಸ್ವಸಾಮರ್ಥ್ಯದ ಮೂರ್ತಿಯೆಂದು ನಾವು ಮೆಚ್ಚುವವನ ಬೆನ್ನ ಹಿಂದೆಯೂ ಹುಟ್ಟಿನ ಭಾಗ್ಯ ನಿಂತಿರುತ್ತದೆ.

ಅಮೆರಿಕದ ತತ್ತ್ವಚಿಂತಕ ಜಾನ್ ರಾಲ್ಸ್ ಅವರು ೧೯೭೧ರಲ್ಲಿ ಪ್ರಕಟಿಸಿದ ತಮ್ಮ ನ್ಯಾಯಮೀಮಾಂಸೆಯ ಗ್ರಂಥದಲ್ಲಿ ಈ ಮಾತನ್ನೇ ಎತ್ತಿದ್ದಾರೆ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹರಾಗಿ ಹುಟ್ಟುವುದಿಲ್ಲ. ಅಷ್ಟೇ ಏಕೆ, ಶ್ರಮಪಡುವ ಸ್ವಭಾವವೂ ಬಹುಮಟ್ಟಿಗೆ ಒಳ್ಳೆಯ ಮನೆತನ, ಒಳ್ಳೆಯ ಪರಿಸರಗಳ ಫಲವೇ ಎಂಬುದು ಅವರ ವಾದ. ಈ ವಾದವನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಆದರೆ ‘ಇದು ನಾನೇ ಗಳಿಸಿದ್ದು’ ಎಂದು ಎದೆ ತಟ್ಟಿಕೊಳ್ಳುವ ಮುನ್ನ ಒಂದು ಗಳಿಗೆ ತಡೆದು ನಿಲ್ಲುವಂತೆ ಅದು ಮಾಡುತ್ತದೆ.

ಹಾಗಾದರೆ ಮೂಲಕಥೆಯೆಂದರೆ ನಿಜವಾಗಿ ಏನು? ಅತಿಮಾನವರ ಪೈಕಿ ಆದ್ಯನಾದ ‘ಸೂಪರ್‌ಮ್ಯಾನ್’ನನ್ನು ನೋಡಿ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರು ಸೃಷ್ಟಿಸಿದ ಈತ ೧೯೩೮ರ ಜೂನ್ ತಿಂಗಳ ಸಂಚಿಕೆಯಲ್ಲಿ ಪ್ರಕಟನಾದ. ಅಳಿದುಹೋದ ಬೇರೊಂದು ಗ್ರಹದಿಂದ ಶಿಶುವಾಗಿ ಭೂಮಿಗೆ ಬಂದವನೆಂದೂ, ಆ ಗ್ರಹದವರ ದೇಹರಚನೆಯೇ ಅವನ ಬಲಕ್ಕೆ ಕಾರಣವೆಂದೂ ಅಲ್ಲಿ ಒಂದೇ ಪುಟದಲ್ಲಿ ಹೇಳಿದೆ. ದಾರಿಹೋಕನೊಬ್ಬ ಕೂಸನ್ನು ಅನಾಥಾಲಯಕ್ಕೆ ಒಪ್ಪಿಸುತ್ತಾನೆ. ಅಲ್ಲಿಗೆ ಬಾಲ್ಯ ಮುಗಿಯಿತು. ಆದರೆ ಮರುವರ್ಷ, ೧೯೩೯ರಲ್ಲಿ, ಅವನ ಹೆಸರಿನದೇ ಪತ್ರಿಕೆ ಆರಂಭವಾದಾಗ ಅದೇ ಲೇಖಕರು ಆ ಮೂಲಕಥೆಯನ್ನು ಬೆಳೆಸಿದರು. ಈಗ ಕೆಂಟ್ ದಂಪತಿಗಳು ಬಂದರು. ಅವರು ಕೂಸನ್ನು ಮಗನಾಗಿ ಸಾಕಿದರು. ಬಲವನ್ನು ಮೆರೆಸಬೇಡ, ಸಮಯ ಬಂದಾಗ ಜನರ ಹಿತಕ್ಕೆ ಬಳಸು ಎಂದು ಬುದ್ಧಿ ಹೇಳಿದರು. ಬಲದ ಕಾರಣವನ್ನು ಹೇಳಲು ಗ್ರಹವೊಂದು ಸಾಕಾಗಿತ್ತು. ಆ ಬಲವು ಒಳ್ಳೆಯದಕ್ಕೆ ಒದಗಿದ ಕಾರಣವನ್ನು ಹೇಳಲು ತಂದೆತಾಯಿ ಬೇಕಾದರು.

ಸ್ಪೈಡರ್‌ಮ್ಯಾನ್ ಕಥೆಯ ತಿರುಳೂ ಜೇಡವಲ್ಲ. ಬಲ ಬಂದೊಡನೆ ಆ ಹುಡುಗ ಮಾಡಿದ್ದು ಪ್ರದರ್ಶನ ಕೊಟ್ಟು ಹಣ ಸಂಪಾದಿಸುವ ಕೆಲಸ. ಓಡಿಹೋಗುತ್ತಿದ್ದ ಕಳ್ಳನನ್ನು ತಡೆಯುವುದು ತನ್ನ ಕೆಲಸವಲ್ಲವೆಂದು ಬಿಟ್ಟುಬಿಟ್ಟ. ಅದೇ ಕಳ್ಳನ ಕೈಯಲ್ಲಿ ತನ್ನನ್ನು ಸಾಕಿದ ಚಿಕ್ಕಪ್ಪ ಹತನಾದಾಗ ಅವನ ಕಣ್ಣು ತೆರೆಯಿತು. ಬಲವಿದ್ದೂ ಸುಮ್ಮನೆ ನಿಂತದ್ದು ಅಪರಾಧವೆಂಬ ಆ ಅರಿವೇ ಅವನ ನಿಜವಾದ ಜನನ. ಆದ್ದರಿಂದ ಮೂಲಕಥೆಯ ಪ್ರಶ್ನೆ ‘ಬಲ ಎಲ್ಲಿಂದ ಬಂತು?’ ಎಂಬುದಲ್ಲ, ‘ಹೊಣೆ ಎಲ್ಲಿಂದ ಬಂತು?’ ಎಂಬುದು.

ಈ ಅಳತೆಗೋಲಿನಿಂದ ಎಕ್ಸ್-ಮೆನ್‌ರನ್ನು ಅಳೆಯೋಣ. ಆರಂಭದ ವರ್ಷಗಳಲ್ಲಿ ಆಕ್ಷೇಪಕ್ಕೆ ಆಧಾರವಿತ್ತೆಂದು ಒಪ್ಪಬೇಕು. ಪತ್ರಿಕೆಗೆ ಸಾಕಷ್ಟು ಓದುಗರು ದೊರೆಯಲಿಲ್ಲ. ೧೯೭೦ರಲ್ಲಿ ಹೊಸ ಕಥೆಗಳು ನಿಂತು, ಹಳೆಯವೇ ಮರುಮುದ್ರಣವಾಗತೊಡಗಿದವು. ೧೯೭೫ರಲ್ಲಿ ಹೊಸ ತಂಡದೊಡನೆ ಅದು ಪುನರುಜ್ಜೀವನಗೊಂಡಿತು; ಆ ವರ್ಷದಿಂದ ೧೯೯೧ರವರೆಗೆ ಕ್ರಿಸ್ ಕ್ಲೇರ್‌ಮಾಂಟ್ ಅವರು ಅದನ್ನು ಬರೆದರು. ಹುಟ್ಟನ್ನು ಉತ್ತರವೆಂದು ಭಾವಿಸದೆ ಅದನ್ನೇ ಪ್ರಶ್ನೆಯಾಗಿ ಮಾಡಿಕೊಂಡದ್ದು ಅವರ ಹೆಚ್ಚುಗಾರಿಕೆ. ಹೀಗೆ ಹುಟ್ಟಿದವನ ಬಾಳು ಎಂತಹದು? ಸೈಕ್ಲಾಪ್ಸ್ ಎಂಬಾತನ ಕಣ್ಣುಗಳಿಂದ ವಿನಾಶಕ ಕಿರಣ ಎಡೆಬಿಡದೆ ಹೊಮ್ಮುತ್ತದೆ. ವಿಶೇಷವಾದ ಕೆಂಪು ಕನ್ನಡಕವಿಲ್ಲದೆ ಅವನು ತನ್ನ ಪ್ರೀತಿಪಾತ್ರರ ಮುಖವನ್ನು ಕಣ್ತೆರೆದು ನೋಡಲಾರ. ೧೯೮೧ರಲ್ಲಿ ಬಂದ ರೋಗ್ ಎಂಬ ತರುಣಿಯ ಚರ್ಮ ತಗುಲಿದರೆ ಸಾಕು, ತಗುಲಿದವರ ನೆನಪೂ ಚೈತನ್ಯವೂ ಅವಳೊಳಕ್ಕೆ ಹರಿದುಬರುತ್ತವೆ. ಅವಳು ಯಾರ ಕೈಯನ್ನೂ ಬರಿಗೈಯಿಂದ ಹಿಡಿಯಲಾರಳು. ನೈಟ್‌ಕ್ರಾಲರ್ ಎಂಬಾತ ನೀಲಿ ಮೈ, ಚೂಪು ಬಾಲಗಳೊಡನೆ ಹುಟ್ಟಿ ದೆವ್ವದಂತೆ ಕಾಣುತ್ತಾನೆ. ಜರ್ಮನಿಯ ಹಳ್ಳಿಯೊಂದರ ಜನ ಪಂಜು ಹಿಡಿದು ಅವನನ್ನು ಬೆನ್ನಟ್ಟುತ್ತಾರೆ. ಆದರೆ ತಂಡದಲ್ಲಿ ಅವನಷ್ಟು ದೈವಭಕ್ತ, ಅವನಷ್ಟು ಮೃದುಹೃದಯಿ ಇನ್ನೊಬ್ಬನಿಲ್ಲ. ಓದುಗರೇ, ಇದನ್ನು ಸೋಮಾರಿಯ ಕಥೆಯೆನ್ನಲಾದೀತೇ? ಬಲವು ಇಲ್ಲಿ ವರವಾಗಿ ಬಂದಿಲ್ಲ, ಹೊರೆಯಾಗಿ ಬಂದಿದೆ. ಅದನ್ನು ಹೊರುವ ಬಗೆಯಲ್ಲಿಯೇ ಕಥೆಯಿದೆ.

ಹುಟ್ಟು ಶ್ರೇಷ್ಠತೆಯ ಭ್ರಮೆಯನ್ನು ಬೆಳೆಸುತ್ತದೆಂಬ ಎರಡನೆಯ ಆಕ್ಷೇಪಕ್ಕೂ ಈ ಕಥೆಗಳಲ್ಲಿಯೇ ಉತ್ತರವಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ನಮ್ಮ ಗಾದೆ. ಆದರೆ ಪ್ರೊಫೆಸರ್ ಝೇವಿಯರ್ ಮತ್ತು ಮ್ಯಾಗ್ನೆಟೋ ಇಬ್ಬರೂ ಒಂದೇ ಬಗೆಯ ಹುಟ್ಟಿನವರು. ಒಬ್ಬನು ಶಾಲೆ ತೆರೆದು, ಮ್ಯೂಟಂಟ್ ಮಕ್ಕಳಿಗೆ ತಮ್ಮ ಬಲವನ್ನು ಹಿಡಿತದಲ್ಲಿಡುವುದನ್ನೂ ಸಾಮಾನ್ಯರೊಡನೆ ಬಾಳುವುದನ್ನೂ ಕಲಿಸುತ್ತಾನೆ. ಇನ್ನೊಬ್ಬನು ಬಲದಿಂದ ಹುಟ್ಟಿದವರು ಬಲಹೀನರನ್ನು ಆಳತಕ್ಕದ್ದೆನ್ನುತ್ತಾನೆ. ಇದೇ ಮ್ಯಾಗ್ನೆಟೋ ಬಾಲ್ಯದಲ್ಲಿ ನಾತ್ಸಿಗಳ ಆಶ್ವಿಟ್ಸ್ ಶಿಬಿರದಲ್ಲಿ ನರಳಿದವನೆಂದು ೧೯೮೧ರ ಸಂಚಿಕೆಯೊಂದು ತಿಳಿಸಿತು. ರಕ್ತಶ್ರೇಷ್ಠತೆಯ ಸಿದ್ಧಾಂತಕ್ಕೆ ಬಲಿಯಾದವನೇ ಅದೇ ಸಿದ್ಧಾಂತದ ಪ್ರಚಾರಕನಾದ ದುರಂತವದು. ಹುಟ್ಟು ಒಂದೇ, ಬಲವೂ ಒಂದೇ ಬಗೆಯದು, ದಾರಿ ಮಾತ್ರ ಎರಡು. ಆದ್ದರಿಂದ ದಾರಿಯನ್ನು ನಿರ್ಣಯಿಸಿದ್ದು ಹುಟ್ಟಲ್ಲವೆಂದು ಸಿದ್ಧವಾಯಿತು. ೧೯೮೨ರಲ್ಲಿ ಕ್ಲೇರ್‌ಮಾಂಟ್ ಅವರು ಬರೆದ ಒಂದು ದೀರ್ಘಕಥೆಯಲ್ಲಿ ಸ್ಟ್ರೈಕರ್ ಎಂಬ ಧರ್ಮಪ್ರಚಾರಕ ಬರುತ್ತಾನೆ. ಭಿನ್ನವಾಗಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ತನ್ನ ನವಜಾತ ಶಿಶುವನ್ನೇ ಕೊಂದವನು ಅವನು. ಹುಟ್ಟನ್ನು ಪೂಜಿಸುವ ಮ್ಯಾಗ್ನೆಟೋ, ಹುಟ್ಟನ್ನು ದ್ವೇಷಿಸುವ ಸ್ಟ್ರೈಕರ್ ಇಬ್ಬರೂ ಮಾಡುವುದು ಒಂದೇ ತಪ್ಪು: ಮನುಷ್ಯನನ್ನು ಅವನ ನಡತೆಯಿಂದ ಅಳೆಯದೆ ಹುಟ್ಟಿನಿಂದ ಅಳೆಯುವುದು.

ಹಾಗೆಂದು ಜನ್ಮಬಲದ ಕಥೆಗಳೆಲ್ಲ ಸಾರ್ಥಕವೆಂದು ನಾವು ಹೇಳುತ್ತಿಲ್ಲ. ೧೯೮೮ರ ಕೊನೆಯಲ್ಲಿ ಡಿಸಿ ಸಂಸ್ಥೆಯ ‘ಇನ್‌ವೇಷನ್’ ಎಂಬ ಕಥಾಮಾಲೆಯಲ್ಲಿ ‘ಮೆಟಾಜೀನ್’ ಎಂಬುದೊಂದು ಕಾಣಿಸಿಕೊಂಡಿತು. ಕೆಲವು ಮನುಷ್ಯರಲ್ಲಿ ಹುಟ್ಟಿನಿಂದಲೇ ಒಂದು ವಂಶವಾಹಿ ಅಡಗಿರುತ್ತದೆ. ಅಪಘಾತವಾದಾಗ ಉಳಿದವರು ಸತ್ತರೂ ಅಂಥವರು ಸಾಯದೆ ಬಲಶಾಲಿಗಳಾಗುತ್ತಾರೆ ಎಂಬುದು ಅದರ ತಾತ್ಪರ್ಯ. ಹಿಂದಿನ ಎಷ್ಟೋ ಅತಿಮಾನವರ ಅಪಘಾತಗಳಿಗೆ ಹೀಗೆ ಒಂದೇ ಕೀಲಿಕೈ ದೊರೆಯಿತು. ಆದರೆ ಈ ವಿವರಣೆಯಿಂದ ಯಾವ ಪಾತ್ರದ ಬಾಳಿಗೂ ಹೊಸ ಪ್ರಶ್ನೆಯೊಂದು ಹುಟ್ಟಲಿಲ್ಲ. ಇದ್ದ ಆಶ್ಚರ್ಯ ಮಾತ್ರ ಕಡಿಮೆಯಾಯಿತು. ಸೋಮಾರಿತನವೆಂದರೆ ಇದು. ಬಲ ಹುಟ್ಟಿನಿಂದ ಬಂತೆನ್ನುವುದು ದೋಷವಲ್ಲ. ಹಾಗೆಂದ ಮೇಲೆ ಇನ್ನೇನನ್ನೂ ಕೇಳದಿರುವುದು ದೋಷ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ೧೭೮೫ರಲ್ಲಿ ಬರೆದ ನೀತಿಗ್ರಂಥದಲ್ಲಿ ಈ ವಿವೇಕವನ್ನು ಸೂತ್ರರೂಪದಲ್ಲಿ ಇಟ್ಟಿದ್ದಾನೆ. ಬುದ್ಧಿ, ಧೈರ್ಯ, ದೃಢತೆ ಇವೆಲ್ಲ ಪ್ರಕೃತಿಯ ಕೊಡುಗೆಗಳು. ಸತ್ಸಂಕಲ್ಪವಿಲ್ಲದಿದ್ದರೆ ಇವೇ ಕೇಡಿಗೆ ಕಾರಣವಾಗುತ್ತವೆ. ಯಾವ ಷರತ್ತೂ ಇಲ್ಲದೆ ಒಳ್ಳೆಯದೆನಿಸುವುದು ಸತ್ಸಂಕಲ್ಪವೊಂದೇ ಎಂಬುದು ಅವನ ಮತ. ಚಿತ್ರಕಥೆಗಾರರು ಕಾಂಟನನ್ನು ಓದಿದ್ದರೋ ಇಲ್ಲವೋ, ಅವರ ಉತ್ತಮ ಕಥೆಗಳು ಈ ಸತ್ಯವನ್ನೇ ಮಕ್ಕಳಿಗೆ ತಿಳಿಯುವಂತೆ ಹೇಳಿವೆ.

ಈ ವಿಚಾರವು ಕಥೆಯ ಪುಟಗಳಲ್ಲಿಯೇ ಉಳಿಯತಕ್ಕದ್ದಲ್ಲ. ಮನೆಯಲ್ಲಿ ಚುರುಕಾದ ಮಗುವೊಂದಿದ್ದರೆ ‘ಇವನು ಹುಟ್ಟು ಜಾಣ’ ಎಂದು ನಾವು ಬಂದವರೆದುರೆಲ್ಲ ಕೊಂಡಾಡುತ್ತೇವೆ. ನಿಧಾನವಾಗಿ ಕಲಿಯುವ ಮಗುವಿಗೆ ‘ಇವನ ಹಣೆಯಲ್ಲಿ ಬರೆದದ್ದೇ ಇಷ್ಟು’ ಎಂದು ಅವನೆದುರೇ ಹೇಳುತ್ತೇವೆ. ಮೊದಲನೆಯ ಮಾತು ಒಂದು ಮಗುವಿನಲ್ಲಿ ಗರ್ವವನ್ನು ಬಿತ್ತುತ್ತದೆ. ಎರಡನೆಯದು ಇನ್ನೊಂದರ ಆಸೆಯನ್ನು ಚಿವುಟುತ್ತದೆ. ಎರಡರಲ್ಲಿಯೂ ನಾವು ಹುಟ್ಟನ್ನು ಹೇಳಿ ಕಥೆಯನ್ನು ಮುಗಿಸಿದ್ದೇವೆ. ಬದುಕಿನ ಮೊದಲ ಪುಟದಲ್ಲಿಯೇ ಪುಸ್ತಕವನ್ನು ಮುಚ್ಚಿಟ್ಟ ಈ ಸೋಮಾರಿತನದ ಮುಂದೆ ಚಿತ್ರಕಥೆಗಾರನ ಸೋಮಾರಿತನ ಎಷ್ಟರದು?

ಆದ್ದರಿಂದ ತಾವು ಜಾಣ ಮಗುವನ್ನು ಕಂಡಾಗ ಅದರ ಜಾಣತನವನ್ನಷ್ಟೇ ಹೊಗಳಿ ಸುಮ್ಮನಾಗಬೇಡಿ. ‘ಈ ಜಾಣತನದಿಂದ ಪಕ್ಕದಲ್ಲಿ ಕುಳಿತವನಿಗೆ ಏನು ಉಪಕಾರ ಮಾಡಿದೆ?’ ಎಂದು ಕೇಳಿರಿ. ಹುಟ್ಟಿನಿಂದ ಕೊರತೆಯೊಂದನ್ನು ಹೊತ್ತು ಬಂದ ಮಗುವನ್ನು ಕಂಡಾಗ ಮರುಕದಿಂದ ಮುಖ ತಿರುಗಿಸಬೇಡಿ. ಅದು ತನ್ನ ಹೊರೆಯನ್ನು ಹೊತ್ತ ಬಗೆಯನ್ನು ಗಮನಿಸಿ, ಗೌರವಿಸಿರಿ. ಹುಟ್ಟು ನಮ್ಮ ಕೈಯಲ್ಲಿರಲಿಲ್ಲ. ಅದಕ್ಕಾಗಿ ಹೊಗಳಿಕೆಯೂ ಸಲ್ಲದು, ತೆಗಳಿಕೆಯೂ ಸಲ್ಲದು. ಹುಟ್ಟಿನೊಡನೆ ಬಂದದ್ದನ್ನು ಯಾರಿಗಾಗಿ ಬಳಸಿದೆವು ಎಂಬುದೊಂದು ನಮ್ಮ ಕೈಯಲ್ಲಿದೆ. ಮನುಷ್ಯನ ಮೂಲಕಥೆ ಆರಂಭವಾಗುವುದೇ ಅಲ್ಲಿಂದ.