ಅರ್ಥವಾಯಿತೇ?

ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಓದುವವರ ತಲೆಗೆ ಎಲೆಕ್ಟ್ರೋಡುಗಳನ್ನು ಅಂಟಿಸಿ, ವಾಕ್ಯವನ್ನು ಒಂದೊಂದೇ ಪದವಾಗಿ ತೋರಿಸುವುದು. ರೊಟ್ಟಿಗೆ ಬೆಣ್ಣೆಯ ಬದಲು ಕಾಲುಚೀಲ ಸವರಿದಂಥ ವಾಕ್ಯವಾದರೆ, ಆ ಕೊನೆಯ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆ ಋಣದ ಕಡೆಗೆ ವಾಲುತ್ತಿತ್ತು. ಇದಕ್ಕೆ ಎನ್400 ಎಂದು ಹೆಸರಾಯಿತು. ಓದುಗ ತುಟಿ ಪಿಟಕ್ಕೆನ್ನದಿದ್ದರೂ ಒಳಗೆ ಅರ್ಥ ಎಡವಿದ್ದು ಹೊರಗೆ ತಿಳಿಯಿತು.

ಹಾಗಾದರೆ ಪ್ರಶ್ನೆಪತ್ರಿಕೆ ಯಾಕೆ ಬೇಕು, ಟೋಪಿ ತೊಡಿಸಿ ನೋಡಿದರಾಯಿತಲ್ಲ? ವಾರಾಂತ್ಯದಲ್ಲಿ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಇದು ಸಣ್ಣ ಆಮಿಷವಲ್ಲ. ಒಂದೂ ಒತ್ತಕ್ಷರ ತಪ್ಪದೆ ಪುಟವಿಡೀ ಓದಿ, "ಹಾಗಂದರೇನು ಪುಟ್ಟಾ?" ಎಂದರೆ ಮುಖ ನೋಡುವವರಿದ್ದಾರೆ. ಅಕ್ಷರಕ್ಷರಕ್ಕೂ ತಡವರಿಸಿ, ಕೊನೆಗೆ "ಆಂಟಿ, ಆ ಅಜ್ಜಿ ಯಾಕೆ ಸುಳ್ಳು ಹೇಳಿದಳು?" ಎಂದು ಕೇಳುವವರೂ ಇದ್ದಾರೆ.

ಆದರೆ 1983ರಲ್ಲಿ ಐರಾ ಫಿಷ್ಲರ್ ಮತ್ತು ಸಂಗಡಿಗರು ಕಂಡದ್ದನ್ನು ಗಮನಿಸಿ. "ಕಾಗೆ ಹಕ್ಕಿಯಲ್ಲ" ಎನ್ನುವ ಧಾಟಿಯ ಸುಳ್ಳು ವಾಕ್ಯಕ್ಕೆ ಅಲೆ ಅಷ್ಟಾಗಿ ತಕರಾರು ಮಾಡಲಿಲ್ಲ. "ಕಾಗೆ ಮರವಲ್ಲ" ಎನ್ನುವಂಥ ನಿಜಕ್ಕೆ ಮಾಡಿತು. (ಇಂಗ್ಲಿಷಿನಲ್ಲಿ 'ಅಲ್ಲ' ಮೊದಲೇ ಬಂದುಬಿಡುತ್ತದೆ, ಆದ್ದರಿಂದ 'ಹಕ್ಕಿ' ಎಂಬ ಪದ ಕಾಣುವ ಹೊತ್ತಿಗೆ ಸುಳ್ಳು ಪೂರ್ತಿಯಾಗಿರುತ್ತದೆ.) ಕಾಗೆ, ಹಕ್ಕಿ ನೆಂಟರು ಎಂಬುದಷ್ಟೇ ಆ ಗಳಿಗೆಯ ಅಲೆಗೆ ಸಾಕು. ಸುಳ್ಳನ್ನು ಸುಳ್ಳೆನ್ನಲು ಓದಿದ ಮನುಷ್ಯನೇ ಬೇಕು.

ನನ್ನ ತಕರಾರು ಯಂತ್ರದ ಕೊರತೆಯ ಬಗ್ಗೆ ಮಾತ್ರವಲ್ಲ. ಅದು ನಾಳೆ ಇನ್ನೂ ಚುರುಕಾದೀತು. ಗಮಕದಲ್ಲಿ ವಾಚನವಾದ ಮೇಲೆ ವ್ಯಾಖ್ಯಾನಕಾರರು ಮಾತಿಗಿಳಿಯುತ್ತಾರೆ; ಅದೇ ಪದ್ಯಕ್ಕೆ ಇನ್ನೊಬ್ಬರು ಬೇರೆ ಅರ್ಥ ಹೇಳಿದರೆ ಅವರೊಡನೆ ವಾದಿಸಬಹುದು. ಅರ್ಥವಾಯಿತು ಎನ್ನುವವರು ತಮ್ಮ ಅರ್ಥಕ್ಕೆ ಜವಾಬು ಕೊಡಬೇಕು. "ಅರ್ಥವಾಯಿತೇ?" ಎಂದು ಕೇಳಿದಾಗ ಮಗುವಿಗೆ "ಇಲ್ಲ" ಎನ್ನುವ, ನಾಳೆ ಬೇರೆ ಉತ್ತರ ತರುವ ಅವಕಾಶವಿರುತ್ತದೆ. ಅಳೆದು ತೀರ್ಪು ಬರೆದುಬಿಟ್ಟರೆ ಆ ಮಗುವನ್ನು ಕೇಳಿದಂತಾಗಲಿಲ್ಲ.

ಮಾತೇ ಬಾರದ ಮಗುವಿನ ವಿಷಯ ಬೇರೆ. ಅದಕ್ಕೇನೂ ತಿಳಿಯದೆಂದು ಎಲ್ಲರೂ ಕೈಬಿಟ್ಟಿರುವಾಗ ಆ ಅಲೆಯೊಂದು ಎದ್ದರೆ, ಅದರ ಮುಂದೆ ಕೂತು ಕಥೆ ಓದಲು ಅಷ್ಟು ಸಾಕು. ಅಂಥ ಕಡೆ ಟೋಪಿ ಬರಲಿ. ಅಂಕಪಟ್ಟಿ ಮಾತ್ರ ಬೇಡ.